ಭಾವನ ಮೂಟೆಗೆ ಕೈ ಹಾಕಿದ ಸರಾಸರಿ

ಹೋದ ಭಾನುವಾರದಿಂದ ನಮ್ಮ ಭಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕಾರಣ? ನಾನು ಕಾಲೇಜಿನಲ್ಲಿ ಕಲಿಸುವ ಸ್ಟ್ಯಾಟಿಸ್ಟಿಕ್ಸ್!

ಭಾವನದು ಕೆ. ಹೊಸಕೋಟೆ ಕಡೆ ಸಣ್ಣ ಕಾಫಿ ತೋಟ. ಒಣಗಿದ ಕಾಫಿಯನ್ನು ಮೂಟೆ ಕಟ್ಟಿ, ಜೀಪಿಗೆ ಹೇರಿ, ಆನೇಮಹಲಿನ ವ್ಯಾಪಾರಿಯ ಹತ್ತಿರ ಹೊರಟಿದ್ದರು. 'ನೀನೂ ಬಾರೋ. ಓದಿದೋನು ಜೊತೇಲಿದ್ರೆ ಒಂದು ತೂಕ' ಅಂದರು. (ಪಾಪ, ಆಸೆ.)

ವ್ಯಾಪಾರಿ ಒಂದು ಮೂಟೆಯ ಬಾಯಿ ಬಿಚ್ಚಿ ಮೇಲಿನಿಂದ ಒಂದು ಹಿಡಿ ತೆಗೆದರು. ಅಂಗೈಯಲ್ಲಿ ಹೊರಳಿಸಿ, 'ಸ್ವಲ್ಪ ಜೊಳ್ಳೈತೆ ಕಣ್ರೀ' ಎಂದು ರಾಗ ಎಳೆದರು.

ಭಾವ ಕೆರಳಿದರು. 'ಒಂದು ಹಿಡಿ ನೋಡ್ಬುಟ್ಟು ಅಷ್ಟೂ ಮೂಟೆಗೆ ರೇಟ್ ಕಟ್ತೀರಾ?'

ಮೇಷ್ಟರಿಗೆ ಇನ್ನೇನು ಬೇಕು? ಶುರುಮಾಡಿಯೇಬಿಟ್ಟೆ. 'ಒಂದು ಹಿಡಿಯನ್ನು ನಂಬಬಾರದು. ಒಂದು ಒಳ್ಳೇದು ಬರುತ್ತೆ, ಒಂದು ಕೆಟ್ಟದ್ದು. ಹಲವು ಹಿಡಿ ತೆಗೆದು ಸರಾಸರಿ ಹಾಕಿ. ಆ ಸರಾಸರಿ ಅಷ್ಟು ಸುಲಭಕ್ಕೆ ದಾರಿ ತಪ್ಪಲ್ಲ. ಹಿಡಿ ಜಾಸ್ತಿ ಆದಷ್ಟೂ ಅದು ನಿಜದ ಹತ್ತಿರವೇ ಬಂದು ಕೂರುತ್ತೆ. ಆದರೆ ಮೇಲಿಂದಷ್ಟೇ ತೆಗೆದರೆ ಆಗಲ್ಲ. ಎಲ್ಲಾ ಮೂಟೆಯಿಂದ, ಮೇಲೆ, ನಡುವೆ, ತಳ, ಎಲ್ಲಾ ಕಡೆಯಿಂದ!'

ಭಾವ ನನ್ನ ಕಾಲು ತುಳಿದರು. ಹುರಿದುಂಬಿಸುತ್ತಿದ್ದಾರೆ ಅಂದುಕೊಂಡೆ. ಇನ್ನೂ ಜೋರಾಗಿ ಪಾಠ ಮಾಡಿದೆ.

ವ್ಯಾಪಾರಿಗೆ ಪಾಠ ಬಹಳ ಹಿಡಿಸಿತು. ಮೂಟೆಗಳನ್ನೆಲ್ಲ ಬಿಚ್ಚಿಸಿ, ತೋಳಿನವರೆಗೆ ಕೈ ಇಳಿಸಿ, ಹಿಡಿ ಹಿಡಿ ತೆಗೆದು ಮೊರಕ್ಕೆ ಸುರಿದರು. ತಳದಿಂದ ಬಂದದ್ದೇನು? ಗಿಡದ ಬುಡದಲ್ಲಿ ಉದುರಿ ಬಿದ್ದಿದ್ದ ಕಪ್ಪು ಕಾಫಿ, ಜೊಳ್ಳು, ಜೊತೆಗೆ ಒಂದಿಷ್ಟು ಕಡ್ಡಿ. ಒಳ್ಳೆಯ ಮಾಲೆಲ್ಲ ಮೇಲೆ ಅಲಂಕಾರಕ್ಕೆ ಕೂತಿತ್ತು. ವ್ಯಾಪಾರಿ ತೆಗೆದ ಮೊದಲ ಹಿಡಿ, ಭಾವನ ಪಾಲಿಗೆ, ಚಿನ್ನದಂಥ ಹಿಡಿಯಾಗಿತ್ತು!

ರೇಟು ಪಾತಾಳಕ್ಕಿಳಿಯಿತು. ಭಾವ ಕೊಟ್ಟಷ್ಟು ದುಡ್ಡು ಎಣಿಸಿಕೊಂಡು ಜೀಪು ಹತ್ತಿದರು. ವ್ಯಾಪಾರಿ ಮಾತ್ರ ನನಗೆ ಟೀ ತರಿಸಿಕೊಟ್ಟು, 'ಮುಂದಿನ್ ಸಲನೂ ನೀವೇ ಬನ್ನಿ ಮೇಷ್ಟ್ರೇ' ಅಂದರು.

ಮನೆಗೆ ಬಂದರೆ ಅಕ್ಕ ಸೌಟು ಹಿಡಿದೇ ಬೈದಳು: 'ನಿನ್ ಪಾಠಕ್ಕೆ ಕಾಲೇಜು ಸಾಲ್ಲಿಲ್ವೇನೋ ಮಾರಾಯ? ನಮ್ ಮೂಟೇನೇ ಬೇಕಾಗಿತ್ತಾ?'

ನಿಜದ ಹತ್ತಿರ ಹೋಗುವುದು ಹೇಗೆಂದು ನಮ್ಮ ಸಿಲಬಸ್ಸಿನಲ್ಲಿದೆ; ಆ ನಿಜ ನಮ್ಮ ಭಾವನದೇ ಮೂಟೆಯ ತಳದಲ್ಲಿದ್ದರೆ ಏನು ಮಾಡಬೇಕೆಂದು ಯಾವ ಚಾಪ್ಟರಿನಲ್ಲಿದೆ, ಸ್ವಾಮಿ?