ಹದಿನೈದನೆಯವನು ನಾನು

“ಕೇಳ್ರಪ್ಪೋ ಕೇಳ್ರಿ! ಹೋದ ಸಂತಿ ದಿನ ಬಸ್ ಸ್ಟ್ಯಾಂಡ್ ಹತ್ರದ ಖಾನಾವಳ್ಯಾಗ ಮಜ್ಜಿಗೆ ಸಾರು ಉಂಡು ಕೆಲವು ಮಂದಿಗೆ ವಾಂತಿ ಆಗೈತಿ!”

ಶಿರಾಳಕೊಪ್ಪದ ಸಂತೆಯ ನಡುವೆ ತಮಟೆಯವನು ಹೀಗೆ ಡಂಗುರ ಸಾರುತ್ತಿದ್ದ. ಅವನ ಪಕ್ಕದಲ್ಲಿ ಆ ಖಾನಾವಳಿಯ ಯಜಮಾನರೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು.

“ಕೆಲವು ಮಂದಿ ಅಲ್ಲೋ, ಹದಿನಾಲ್ಕು ಮಂದಿ ಅನ್ನು,” ಎಂದು ಅವರು ತಿದ್ದಿದರು. “ಹಿತ್ತಾಳಿ ಪಾತ್ರಿ ಒಳಗಿನ ತವರದ ಕಲಾಯಿ ಹೋಗಿ, ಹುಳಿ ಮಜ್ಜಿಗಿಗೆ ಕಿಲುಬು ಬಿಟ್ಟಿದ್ದು ನಾವು ನೋಡ್ಲಿಲ್ಲ, ತಪ್ಪು ನಮ್ಮದು ಅನ್ನೋದೂ ಸೇರಿಸು.”

ಜನ ನಕ್ಕರು. ಎದುರು ಹೋಟೆಲಿನವರು ಹೊರಗೆ ಬಂದು ನಿಂತು ಶ್ರದ್ಧೆಯಿಂದ ಕೇಳಿಸಿಕೊಂಡರು.

ಐವತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಾನು ಸೊರಬದಲ್ಲಿ ಮೇಷ್ಟ್ರಾಗಿದ್ದೆ. ಹೋದ ಸಂತೆಗೆ ಬಂದವನು ಅದೇ ಸಾರು ಉಂಡು, ವಾಪಸ್ಸು ಹೋಗುವಾಗ ಬಸ್ಸನ್ನು ಎರಡು ಸಲ ನಿಲ್ಲಿಸಿದ್ದೆ. ಈಗ ಮುಂದೆ ಹೋಗಿ ಮೆಲ್ಲಗೆ ಹೇಳಿದೆ: “ಹದಿನೈದು ಕಣ್ರೀ. ನಾನೂ ಒಬ್ಬ.”

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಈಗ ಹೆಂಗದೀರಿ?” ಎಂದು ಕೇಳಿದರು. ಹುಷಾರಾಗಿದ್ದೇನೆ ಎಂದೆ. ಅವರು ನನಗೆ ಕೈಮುಗಿದು, ತಮಟೆಯವನ ಕಡೆ ತಿರುಗಿ, ಇಡೀ ಸಂತೆಗೆ ಮೊದಲಿನಿಂದ ಮತ್ತೆ ಸಾರಿಸಿದರು. ಈ ಸಲ ಹದಿನೈದು.

ಮುಂದಿನ ಸಂತೆಯ ದಿನ ಅವರ ಖಾನಾವಳಿಯಲ್ಲಿ ಊಟಕ್ಕೆ ಕೂತವನು ನಾನೊಬ್ಬನೇ. ಹೊಸದಾಗಿ ಕಲಾಯಿ ಹಾಕಿಸಿದ ಪಾತ್ರೆಯಿಂದ ಮಜ್ಜಿಗೆ ಸಾರು ಬಡಿಸಿ, ಅವರೂ ಎದುರಿಗೆ ಕೂತು ಉಂಡರು. ನನ್ನ ಹೊಟ್ಟೆಗೆ ಅಳುಕು ಇನ್ನೂ ಇತ್ತು. ಆ ಮನುಷ್ಯನ ಮೇಲೆ ಮಾತ್ರ ಯಾವ ಅನುಮಾನವೂ ಉಳಿದಿರಲಿಲ್ಲ.