ಹೆಸರು ಹಿಡಿದು ಹಡಗು ಉಳಿಸಿದ್ದು

ಮಕ್ಕಳೇ, ನಿಮ್ಮಪ್ಪ ದೊಡ್ಡವನಿಗೆ ತಾತನ ಹೆಸರಿಟ್ಟು ನನ್ನನ್ನು ಪೇಚಿಗೆ ಸಿಕ್ಕಿಸಿದ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಕೇಳುತ್ತಲೇ ಬೆಳೆದವಳು ನಾನು. ಈಗ ಮೊಮ್ಮಗನನ್ನು ಹೇಗೆ ಕೂಗಲಿ? ಅದಕ್ಕೇ ಕ್ಯಾಪ್ಟನ್ ಎನ್ನುತ್ತೇನೆ. “ನಾನ್ಯಾವ ಸೀಮೆ ಕ್ಯಾಪ್ಟನ್ ಅಜ್ಜಿ?” ಎಂದು ಅವನು ಮೊನ್ನೆ ಕೇಳಿದ. ಆಕಾಶದ್ದು ಕಣೋ, ಹೇಳುತ್ತೇನೆ ಕೇಳು.

ಎಂಬತ್ತರ ದಶಕ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಮೈದುನ ಶಿವು ರಜಕ್ಕೆ ಅಜ್ಜಂಪುರಕ್ಕೆ ಬರುವಾಗ ಎರಡು ದಾಳ, ಒಂದು ಜೆರಾಕ್ಸ್ ಮಾಡಿದ ಇಂಗ್ಲಿಷ್ ಪುಸ್ತಕ ತಂದ. ಹಾಸ್ಟೆಲಿನ ಆಟವಂತೆ. ಪಗಡೆಗಿರುವ ಹಾಗೆ ಹಾಸುಬಟ್ಟೆಯಿಲ್ಲ, ಕಾಯಿಲ್ಲ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಕಥೆಯೊಳಗಿನ ಜನರಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಆಯಿತೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ನಿಮ್ಮ ತಾತ ಆಕಾಶದ ಹಡಗಿನ ಕ್ಯಾಪ್ಟನ್ ಆದರು, ತಮ್ಮದೇ ಹೆಸರಿನಲ್ಲಿ. ಈರುಳ್ಳಿ ವ್ಯಾಪಾರದವರಿಗೆ ಬೇರೆ ಹೆಸರು ಹೊಳೆಯಲಿಲ್ಲ.

ನಾನು ಸಂಕೋಚದ ಮುದ್ದೆ. ಎಮ್ಮೆದೊಡ್ಡಿ ಕಡೆಯ ಹಳ್ಳಿ ಸ್ಕೂಲಿನಲ್ಲಿ ಹಾಜರಿ ಕೂಗಿದಾಗಲೂ ಕೈ ಎತ್ತುತ್ತಿದ್ದೆನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಮಾತಿಲ್ಲದ ಪಾತ್ರ ಕೊಡು ಎಂದೆ. ಶಿವುಗೆ ಖುಷಿಯೋ ಖುಷಿ! ಚೀಲದಿಂದ ಇನ್ನೊಂದು ತೆಳು ಪುಸ್ತಕ ತೆಗೆದ. ದೊಡ್ಡ ಪುಸ್ತಕಕ್ಕೆ ಅದು ಬಾಲಂಗೋಚಿ. ಅದರ ತುಂಬ ಬರೀ ಮನಸ್ಸಿನ ಶಕ್ತಿಗಳು. ಇನ್ನೊಬ್ಬರ ಮನಸ್ಸು ಓದುವುದು, ಮುಟ್ಟದೆ ಸಾಮಾನು ಎತ್ತುವುದು, ಗೋಡೆಯಾಚೆ ನೋಡುವುದು. ಮಠದ ಪುರಾಣದಲ್ಲಿ ಅಣಿಮಾ, ಲಘಿಮಾ ಎಂದು ಎಂಟು ಸಿದ್ಧಿಗಳನ್ನು ಕೇಳಿದ್ದೆ. ಅವಕ್ಕಾಗಿ ಯೋಗಿಗಳು ಗುಹೆಯಲ್ಲಿ ಕೂತು ಸವೆದರು. ಇಲ್ಲಿ ಎರಡು ದಾಳ ಸೇರಿ ಎಂಟು ಬಿದ್ದರೆ ಸಾಕು. ನಮ್ಮ ಅತ್ತೆಗಂತೂ ಪುಸ್ತಕವೇ ಬೇಡ, ಹಿತ್ತಲಲ್ಲಿ ಕೂತೇ ಒಲೆಯ ಮೇಲೆ ಹಾಲು ಉಕ್ಕುವುದನ್ನು ಹೇಳುತ್ತಿದ್ದರು. ನನಗೆ ಸಿಕ್ಕಿದ್ದು ಬಾಯಿ ತೆರೆಯದೆ ಮಾತು ಮುಟ್ಟಿಸುವ ಶಕ್ತಿ. ಹೇಳಿ ಮಾಡಿಸಿದ ಹಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ, ಪಡಸಾಲೆಯಲ್ಲಿ, ಹಡಗು ಉರಿಯುವ ನಕ್ಷತ್ರದ ಕಡೆ ನುಗ್ಗುತ್ತಿತ್ತು. ಅದು ಕಂಡದ್ದು ಹಡಗಿನ ಇನ್ನೊಂದು ಕೋಣೆಯಲ್ಲಿದ್ದ ನನಗೆ ಮಾತ್ರ. ಕ್ಯಾಪ್ಟನ್ನಿಗೆ ಗೊತ್ತಿಲ್ಲ, ತಿಳಿಸೋಣವೆಂದರೆ ಹಡಗಿನ ಫೋನು ಕೆಟ್ಟಿದೆ.

“ಅತ್ಗೆ, ಮನ್ಸಲ್ಲೇ ಕರೀರಿ,” ಎಂದ ಶಿವು. “ಆದ್ರೆ ಪುಸ್ತಕದಾಗೆ ಬರ್ದೈತೆ, ಹೆಸ್ರು ಹಿಡ್ದೇ ಕರೀಬೇಕು. ನಂಗೆ ಕೇಳ್ಸಂಗೆ ಯೋಳಿ.”

“ಕರೀದಿದ್ರೆ?”

“ಅಣ್ಣ ಭಸ್ಮ.”

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. “ಲೇ, ಆಟದಾಗಾದ್ರೂ ನನ್ ಮಗನ್ನ ಸುಡ್ತೀಯೇನೋ?”

“ನಾನೇನ್ ಮಾಡ್ಲವ್ವಾ, ಅತ್ಗೆ ಕೈಲೈತೆ.”

ಹೆಸರು ಹೇಳಿದರೆ ನಿಜದ ಆಯಸ್ಸು ಕಡಿಮೆ. ಹೇಳದಿದ್ದರೆ ಆಟದ ಆಯಸ್ಸು ಪೂರಾ ಖಾಲಿ. ನಿಮಗೆ ನಗು, ನಾನು ದಾಳಗಳನ್ನು ಸೆರಗಿನಲ್ಲಿ ಒರೆಸುತ್ತ ಕೂತೆ. ನಿಮ್ಮ ತಾತ ಮಾತ್ರ ಮಂಡಕ್ಕಿ ಮುಕ್ಕುತ್ತ, “ಬೇಗ ಕಣೇ, ಬಿಸಿ ತಟ್ತಾ ಐತೆ” ಎಂದರು.

ಅತ್ತೆಯೇ ದಾರಿ ತೋರಿಸಿದರು. “ಮದ್ವೇಲಿ ಒಗಟು ಯೋಳ್ಲಿಲ್ವೇನೇ? ಒಗಟಲ್ಲಿ ಯೋಳು, ದೋಸ ಇಲ್ಲ.” ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಪ್ರಾಸದೊಳಗೆ ಗಂಡನ ಹೆಸರು ಸೇರಿಸಿ ಹೇಳಿಸುತ್ತಾರಲ್ಲ, ಅದು. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕಟ್ಟಿದೆ:

“ಅಜ್ಜಂಪುರದ ಸ್ಟೇಷನ್ನಿಗೆ ಬಂತು ಬೀರೂರು ಗಾಡಿ,
ರುದ್ರೇಶಪ್ಪನೋರೇ, ಎದ್ರಿಗೆ ಬೆಂಕಿ, ಹಡಗು ತಿರುಗ್ಸಿ ನೋಡಿ!”

ಹೆಂಚು ಹಾರಿಹೋಗುವಷ್ಟು ನಗು. ದಾಳ ಎಸೆದೆ. ಒಂದರಲ್ಲಿ ಬಿದ್ದದ್ದು ಬರೀ ಎರಡು. ಇನ್ನೊಂದು ಉರುಳುತ್ತ ಹೋಗಿ ಮೊರದ ಕೆಳಗೆ ಸೇರಿತು. ಎಂಟಾಗಲು ಅದರಲ್ಲಿ ಆರೇ ಬೀಳಬೇಕು, ಐದಾದರೆ ಗಂಡನಿಲ್ಲ. ಅತ್ತೆ ಮೊರದಡಿ ಕೈ ಹಾಕಿ, ದಾಳವನ್ನು ಮುಷ್ಟಿಯಲ್ಲಿ ಹಿಡಿದೆತ್ತಿ, “ಆರು!” ಎಂದರು.

“ತೋರ್ಸವ್ವಾ.”

“ಹೆತ್ತೋಳ ಕಣ್ಣು ಕಣೋ. ಆರು ಅಂದ್ರೆ ಆರು.”

ಆ ತೆಳು ಪುಸ್ತಕದಲ್ಲಿ ಹೆತ್ತವಳ ಕಣ್ಣಿನ ಶಕ್ತಿಗೆ ಮಾತ್ರ ನಿಯಮವಿರಲಿಲ್ಲ. ನಿಮ್ಮ ತಾತ ಗಾಳಿಯನ್ನೇ ಸ್ಟೇರಿಂಗಿನಂತೆ ತಿರುಗಿಸಿ, ಮಂಡಕ್ಕಿ ಚೆಲ್ಲಿ, ಬದುಕಿಕೊಂಡರು.

ಆಮೇಲಿನ ದಿನಗಳಲ್ಲಿ ಊಟಕ್ಕೆ ಕೂತಾಗ ನಾನು ಸುಮ್ಮನಿದ್ದರೂ “ಏನೋ ಯೋಳ್ದಂಗಾಯ್ತಲ್ಲ?” ಎನ್ನುವರು. ಹೇಳಿಯೇ ಇರುತ್ತಿದ್ದೆ, ಮನಸ್ಸಿನಲ್ಲಿ. ಸಾಮಾನ್ಯವಾಗಿ ಉಪ್ಪಿನಕಾಯಿ ಮುಗಿದಿದೆ ಎಂದು.

ಈಗ ಅವರಿಲ್ಲ. ಹೆಸರು ಹೇಳಿದರೆ ಕಡಿಮೆಯಾಗಲು ಆಯಸ್ಸೂ ಇಲ್ಲ. ಆದರೂ ನಾಲಿಗೆ ಏಳುವುದಿಲ್ಲ. ಹಾಗಾಗಿ ಬಾಯಲ್ಲಿ “ಕ್ಯಾಪ್ಟನ್” ಎನ್ನುತ್ತೇನೆ, ಹೆಸರನ್ನು ಮನಸ್ಸಿನಲ್ಲಿ ಹೇಳುತ್ತೇನೆ. ನೀನು “ಏನಜ್ಜಿ?” ಎಂದು ಓಡಿಬರುತ್ತೀಯಲ್ಲ, ಆಗೆಲ್ಲ ನನಗೆ ಅವತ್ತು ಮೊರದಡಿ ಆರೇ ಬಿದ್ದಿತ್ತೆಂದು ಪೂರಾ ನಂಬಿಕೆ.