ಕ್ಲಿಪ್ಪಿಗಾಗಿ ಕೂಗಾಡಿದ ದಿನ

೧೯೫೭ರ ಜೂನ್ ತಿಂಗಳು. ಕೃಷ್ಣರಾಜನಗರದ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸಕ್ಕೆ ನನಗೆ ಆರ್ಡರ್ ಬಂದಿತ್ತು. ಸೋಮವಾರ ಸಂಜೆ ಐದರೊಳಗೆ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬರ ಪಾಲು. ರಾವಂದೂರಿನ ನಮ್ಮ ಮನೆಯಲ್ಲಿ ಮಿಲಿಟರಿಯವರು ಹರಾಜು ಹಾಕಿದ್ದ ಹಳೇ ಮೋಟಾರ್ ಸೈಕಲ್ಲಿತ್ತು. ಅದು ಹೊಗೆ ಕಾರುತ್ತಿದೆಯೆಂದು ಭಾನುವಾರ ನಾನೇ ಎಂಜಿನ್ ಬಿಚ್ಚಿದೆ. ಪುಸ್ತಕ ನೋಡಿ ಕಲಿತ ವಿದ್ಯೆ. ಸುಮ್ಮನೆ ಬಸ್ಸಿಗೆ ಹೋಗು ಎಂದು ಅವ್ವ ಹೇಳಿದ್ದು ಕಿವಿಗೇ ಬೀಳಲಿಲ್ಲ.

ಸೋಮವಾರ ಬೆಳಗ್ಗೆ ಬಸ್ಸು ಹೋದ ಮೇಲೆ ಜೋಡಿಸಲು ಕೂತೆ. ಬಿಚ್ಚಿದ್ದನ್ನೆಲ್ಲ ಪಿಂಗಾಣಿ ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದೆ. ನೋಡಿದರೆ ಒಂದು ಸರ್ಕ್ಲಿಪ್ ಇಲ್ಲ. ಪಿಸ್ಟನ್ನಿನ ಪಿನ್ನು ಆಚೆ ಜಾರದಂತೆ ತಡೆಯುವ, ಹೆಬ್ಬೆರಳಿನ ಉಗುರಿನಷ್ಟಗಲದ ಉಕ್ಕಿನ ಉಂಗುರ ಅದು. ಅದಿಲ್ಲದೆ ಓಡಿಸಿದರೆ ಎಂಜಿನ್ನೇ ಹಾಳು. ಇನ್ನೊಂದು ಬೇಕೆಂದರೆ ಮೈಸೂರಿಗೇ ಹೋಗಬೇಕು.

ನನ್ನ ಕ್ಲಿಪ್ ಎಲ್ಲಿ ಎಂದು ಮನೆಯವರನ್ನೆಲ್ಲ ಕೇಳಿದೆ. ಅವ್ವ ಕಾಣೆನಪ್ಪ ಎಂದಳು. ಬಾಣಂತನಕ್ಕೆ ಬಂದಿದ್ದ ಅಕ್ಕ ಕೋಣೆಯೊಳಗಿಂದ ತನ್ನ ತಲೆಗೂದಲ ಕ್ಲಿಪ್ಪೊಂದನ್ನು ಕಳಿಸಿಕೊಟ್ಟಳು. ಅದನ್ನು ನೋಡಿ ಮೈಯೆಲ್ಲ ಉರಿಯಿತು. ಜಗಲಿ ಗುಡಿಸಿದೆ, ಕಸವನ್ನು ಜರಡಿ ಹಿಡಿದೆ, ರಾಗಿ ಮಂಕರಿಯನ್ನೂ ಸುರಿದು ನೋಡಿದೆ. ಈ ಮನೆಯಲ್ಲಿ ಒಂದು ಸಾಮಾನು ಇಟ್ಟ ಕಡೆ ಇರುವುದಿಲ್ಲ ಎಂದು ಮಧ್ಯಾಹ್ನದವರೆಗೂ ಕೂಗಾಡಿದೆ.

ಊಟಕ್ಕೆ ಒಳಗೆ ಹೋದಾಗ ಅಕ್ಕ ಮಗುವಿನ ಬಟ್ಟೆ ಬದಲಿಸುತ್ತಿದ್ದಳು. ಮಗುವಿನ ಸೊಂಟದ ಕಪ್ಪು ದಾರದಲ್ಲಿ ನನ್ನ ಸರ್ಕ್ಲಿಪ್ ತೂಗುತ್ತಿತ್ತು!

ಹಿಂದಿನ ಸಂಜೆ ದೀಪ ಹಚ್ಚುವಾಗ ಅವ್ವ ಅದನ್ನು ತಟ್ಟೆಯಿಂದ ತೆಗೆದು, ದೃಷ್ಟಿಯಾಗದಿರಲೆಂದು ಕಟ್ಟಿದ್ದಳಂತೆ.

“ನೀನು ಕ್ಲಿಪ್ಪು ಅಂದೆ. ಉಂಗುರ ಅಂದಿದ್ರೆ ಆಗ್ಲೇ ಯೋಳ್ತಿದ್ದೆ,” ಎಂದಳು ಅವ್ವ. “ಈಗ ಕಟ್ಟಾಗೈತೆ, ಬುಡು. ಮಗೀನ ಮೈಮ್ಯಾಲಿನ ಕಬ್ಬಿಣ ಬಿಚ್ಬಾರ್ದು ಕಣಪ್ಪ.”

ಕಬ್ಬಿಣಕ್ಕೇನು ಗೊತ್ತು ದೃಷ್ಟಿ, ನಿಮ್ಮ ಮೂಢನಂಬಿಕೆಗೆ ನನ್ನ ಕೆಲಸ ಹೋಗಬೇಕಾ ಎಂದು ರೇಗಿದೆ. ಅಕ್ಕ ಹಲ್ಲಿನಿಂದ ದಾರ ಕಡಿದು ಉಂಗುರವನ್ನು ನನ್ನ ಅಂಗೈಗೆ ಹಾಕಿದಳು. ಹಿಂದೆ ಹೆತ್ತ ಎರಡು ಮಕ್ಕಳೂ ಅವಳಿಗೆ ಉಳಿದಿರಲಿಲ್ಲ. ಅದು ಆ ಮನೆಯಲ್ಲಿ ನನಗೊಬ್ಬನಿಗೆ ಮರೆತುಹೋಗಿತ್ತು.

ಎಂಜಿನ್ ಜೋಡಿಸಿ ಮುಗಿಸಿದಾಗ ಮೂರು ಗಂಟೆ ದಾಟಿತ್ತು. ತಟ್ಟೆಯಲ್ಲಿ ಕಬ್ಬಿಣದ ಒಂದು ಸಣ್ಣ ನಟ್ಟು ಮಿಕ್ಕಿತ್ತು. ಅದು ಎಲ್ಲಿಯದೆಂದು ಎಷ್ಟು ಹುಡುಕಿದರೂ ಹೊಳೆಯಲಿಲ್ಲ. ಒದ್ದರೆ ಗಾಡಿಯೇನೋ ಸ್ಟಾರ್ಟ್ ಆಯಿತು. ಹೊರಡಬೇಕಾದವನು ಅದನ್ನು ನಿಲ್ಲಿಸಿ, ನಟ್ಟನ್ನು ಸೋಪು ಹಾಕಿ ತೊಳೆದು ಒಳಗೆ ಹೋದೆ. ದಾರಕ್ಕೆ ಪೋಣಿಸಿ ಮಗುವಿನ ಸೊಂಟಕ್ಕೆ ನಾನೇ ಕಟ್ಟಿದೆ.

ಅಕ್ಕ ಇಷ್ಟೇ ಅಂದಳು: “ಗಂಟು ಬಿಗಿಯಾಗಿ ಹಾಕು ಕಣೋ.”

ಐದಕ್ಕೆ ಹತ್ತು ನಿಮಿಷ ಇರುವಾಗ ಹಾಜರಿ ಹಾಕಿದೆ. ಅವತ್ತಿನ ಕೂಗಾಟ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಕಬ್ಬಿಣ ದೃಷ್ಟಿ ತಡೆಯುತ್ತದೆಂದು ನಾನು ಈಗಲೂ ನಂಬುವುದಿಲ್ಲ. ಆದರೆ ಆ ದಿನ ದಾರಿಯುದ್ದಕ್ಕೂ ಗಾಡಿ ಲಟಲಟ ಅನ್ನುತ್ತಿದ್ದರೂ ನನಗೆ ಅದರ ಚಿಂತೆಯಿರಲಿಲ್ಲ. ಹಾಕಿದ ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದೇ ಯೋಚಿಸುತ್ತಿದ್ದೆ.